ಗೋಡೆ ಹತ್ತಿದ ಹಾಗಲಬಳ್ಳಿ

ಗೋಡೆಯಾಚೆಯ ವಾರಗಿತ್ತಿಗೆ,

ನೀನು ತೀರಿಕೊಂಡು ವರ್ಷವಾಯಿತು. ಆದರೂ ಆ ಬಳ್ಳಿ ಈ ಸಲವೂ ನನ್ನ ಮಲ್ಲಿಗೆಯನ್ನು ಮುಚ್ಚಿಹಾಕಿದೆ. ಬೀಜ ಎಸೆಯುವವಳು ನೀನೇ ಎಂದು ನಾಲ್ಕು ಜನರ ಮುಂದೆ ಹೇಳಿ, ಒಂಬತ್ತು ವರ್ಷ ಮಾತು ಬಿಟ್ಟಿದ್ದೆ. ಈಗ ನಿನ್ನ ಸೊಸೆಯ ಮೇಲೆ ಕಣ್ಣಿಟ್ಟೆ. ಮೂರು ಬೆಳಿಗ್ಗೆ ಕಿಟಕಿಯ ಹಿಂದೆ ನಿಂತು ಕಾದೆ. ಅವಳು ಬಟ್ಟೆ ಒಣಹಾಕಿದಳೇ ಹೊರತು ಇತ್ತ ಕೈ ಚಾಚಲಿಲ್ಲ.

ಇವತ್ತು ಎಲೆ, ಕಾಯಿ ಕಿತ್ತುಕೊಂಡು ನರ್ಸರಿಯವನ ಬಳಿ ಹೋದೆ. ಅವನು ಎಲೆಯನ್ನು ಉಜ್ಜಿ ಮೂಸಿದ. "ಕಾಡುಹಾಗಲ, ಅಮ್ಮಾ. ಕಹಿ, ಆದ್ರೆ ತಿನ್ನಬಹುದು. ಹಾಗೇ ಬಿಟ್ರೆ ಇಡೀ ತೋಟ ನುಂಗುತ್ತೆ."

"ಬಿತ್ತಿದ್ದು ಯಾರು, ಅದನ್ನ ಹೇಳು."

"ಹಕ್ಕಿಗಳು. ಹಣ್ಣಿನ ಕೆಂಪು ತಿರುಳು ತಿಂದು, ಕೂತಲ್ಲೇ ಬೀಜ ಹಾಕ್ತವೆ. ಗೋಡೆ ಮೇಲೆ ನೀರು ಗೀರು ಇಡ್ತೀರಾ?"

"ನನಗೇ ಪಾಟೀಸವಾಲಾ?" ಎಂದು ಗದರಿಸಿ ಬಂದೆ. ಅವನು ನಿನ್ನ ಕಡೆಯವನಿರಬೇಕು ಎಂಬ ಅನುಮಾನ ದಾರಿಯುದ್ದಕ್ಕೂ ಇತ್ತು.

ಬಂದು ನೋಡಿದರೆ ಬಳ್ಳಿಯ ಬುಡ ನನ್ನ ಅಂಗಳದಲ್ಲಿದೆ, ಹಕ್ಕಿಗಳಿಗೆ ನಾನು ನೀರಿಡುವ ಬಟ್ಟಲಿನ ನೇರ ಕೆಳಗೆ.

ಜಗಳದ ದಿನ ನೀನು, "ನನ್ನನ್ಯಾಕೆ ಕೇಳ್ತೀಯ ಅಕ್ಕ, ನಿನ್ನ ಹಕ್ಕಿಗಳನ್ನ ಕೇಳು" ಎಂದಿದ್ದೆ. ಕೊಂಕು ಮಾತೆಂದು ನಾನು ಕಿಟಕಿ ಹಾಕಿಕೊಂಡಿದ್ದೆ.

ಸಂಜೆ ಒಂದು ಬುಟ್ಟಿ ಕಾಯಿ ಬಿಡಿಸಿ, ಗೋಡೆಯ ಮೇಲಿಂದ ನಿನ್ನ ಸೊಸೆಗೆ ಚಾಚಿದೆ. ಅವಳು ಕೈ ಮುಂದೆ ಮಾಡಲಿಲ್ಲ. ಬುಟ್ಟಿಯನ್ನೂ ನನ್ನ ಮುಖವನ್ನೂ ನೋಡಿದಳು.

"ಇದರಲ್ಲಿ ಏನು ಹಾಕಿದ್ದೀರಿ, ದೊಡ್ಡತ್ತೆ?"

ಬುಟ್ಟಿಯಿಂದ ಒಂದು ಕಾಯಿ ತೆಗೆದು, ಅವಳೆದುರೇ ಕಚ್ಚಿ ತಿಂದೆ.