ನೂರು ಗ್ರಾಂ ಮೀನಿನ ಪುಡಿ

ಮಾರ್ಚ್ 3, ರಾತ್ರಿ 8

ಇವತ್ತೂ ಆರು ಮೀನು. ಮುಳ್ಳು ತೆಗೆದು, ತಿರುಳು ತೂಗಿ, ಓವನ್‌ಗೆ ಇಟ್ಟೆ. ಒಣಗಿದ ಮೇಲೆ ಪುಡಿ, ಪುಡಿ ಡಬ್ಬಿಗೆ, ಡಬ್ಬಿ ಡಿಟೆಕ್ಟರ್‌ಗೆ. ವಿಕಿರಣ ಸೂಸುವ ಸೀಸಿಯಂ ಎಷ್ಟಿದೆ ಎಂದು ಅದು ಹೇಳುತ್ತದೆ. ಆಚೆ ದಡದ ಅಣುಸ್ಥಾವರ ಸೋರಿ ಎರಡು ವರ್ಷ. ಊರು ಮರೆತಿದೆ. ನಾನು ಮರೆಯುವುದಿಲ್ಲ.

ಮೀನು ತರುವ ದೋಣಿ ಅಜ್ಜ ಲ್ಯಾಬ್ ಬಾಗಿಲಲ್ಲೇ ಕೇಳಿದ, "ಏನ್ ಮರಿ ಮೇಡಂ, ನಮ್ ಮೀನಿಗೆ ಜ್ವರ ಇಳೀತಾ?"

ಇಡೀ ದಿನದಲ್ಲಿ ಒಬ್ಬರು ನನ್ನೊಡನೆ ಆಡಿದ ಮಾತು ಅದೊಂದೇ.

ಮಾರ್ಚ್ 5

ಕಿಲೋಗೆ 310 ಬೆಕ್ವೆರೆಲ್ ವಿಕಿರಣ! ಮಿತಿ ನೂರು.

ಲ್ಯಾಬಿನ ಸಾಹೇಬರು ಕನ್ನಡಕ ಮೇಲೇರಿಸಿದರು. "ಇನ್ನೊಂದ್ ಸಲ ನೋಡಮ್ಮ. ಅವಸರ ಯಾಕೆ?"

ಅಣುವಿರೋಧಿ ಕರಪತ್ರಗಳಲ್ಲಿ ಓದಿದ್ದು ಇದನ್ನೇ. ಮುಚ್ಚಿಹಾಕುವವರು ಮೊದಲು ಹೇಳುವ ಮಾತೇ "ಇನ್ನೊಂದು ಸಲ ನೋಡು". ನೋಡಲಿಲ್ಲ. "ಮೀನು ತಿನ್ನಬೇಡಿ" ಎಂದು ಪೋಸ್ಟರ್ ಬರೆದೆ. ಮೀನುಕಟ್ಟೆಯ ಕಂಬ ಕಂಬಕ್ಕೂ ಅಂಟಿಸಿದೆ. ಕೆಳಗೆ ನನ್ನ ಸಹಿ, ದಪ್ಪಗೆ.

ಮಾರ್ಚ್ 6

ಮೀನುಕಟ್ಟೆ ಖಾಲಿ. ಗೆದ್ದೆ! ಯಾರಿಗೆ ಹೇಳಲಿ... ಅಕ್ಕನಿಗೆ ಫೋನ್ ಮಾಡಿದೆ. "ಕ್ರಾಂತಿ ಆಮೇಲೆ ಮಾಡು. ಊಟ ಮಾಡಿದ್ಯಾ?" ಎಂದಳು. ಮಾಡಿದೆ ಎಂದು ಸುಳ್ಳು ಹೇಳಿದೆ.

ಮಾರ್ಚ್ 15

ಅಜ್ಜ ದೋಣಿಯನ್ನು ದಡದಲ್ಲಿ ಬೋರಲು ಹಾಕಿದ್ದಾನೆ. ಲ್ಯಾಬ್ ಕಡೆ ಬರುವುದಿಲ್ಲ. ಬೀದಿಯಲ್ಲಿ ಎದುರಾದರೆ ತಲೆ ತಗ್ಗಿಸುತ್ತಾನೆ, ತಪ್ಪು ತನ್ನದೇ ಎನ್ನುವ ಹಾಗೆ.

ಮಾರ್ಚ್ 17, ಮಧ್ಯಾಹ್ನ

ಟ್ರೇ ತೊಳೆಯುವಾಗ ತಳಕ್ಕೆ ಅಂಟಿದ್ದ ಚೀಟಿ ಸಿಕ್ಕಿತು. ನನ್ನದೇ ಅಕ್ಷರ: ಹಸಿ ತಿರುಳು 500 ಗ್ರಾಂ. ಕಂಪ್ಯೂಟರ್‌ಗೆ ನಾನು ಕೊಟ್ಟಿದ್ದು 100. ಪುಡಿಯ ತೂಕ. ಮಿತಿ ಇರುವುದು ಹಸಿ ಮೀನಿಗೆ. ಪುಡಿಯನ್ನು ಯಾರು ತಿನ್ನುತ್ತಾರೆ?

310 ಅನ್ನು ಐದರಿಂದ ಭಾಗಿಸಿದೆ. 62. ಮತ್ತೆ ಭಾಗಿಸಿದೆ. 62.

ಸಾಹೇಬರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 18

ಹೊಸ ಪೋಸ್ಟರ್: "ತಪ್ಪು ನನ್ನದು. ಮೀನು ತಿನ್ನಬಹುದು." ಐಸ್ ಮಾರುವ ಹೆಂಗಸು ಓದಿ ಲೊಚಗುಟ್ಟಿದಳು. "ಪಾಪ, ಹುಡುಗಿ ಬಾಯಿಗೆ ಬೀಗ ಹಾಕ್ಸಿದಾರೆ." ಇಲ್ಲ ಎಂದೆ. "ಹೇಳ್ಬೇಡ ಬಿಡವ್ವ, ನಮಗೆ ಅರ್ಥ ಆಗುತ್ತೆ."

ಅವಳ ಜಾಗದಲ್ಲಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ.

ಮಾರ್ಚ್ 19

ಅಜ್ಜನ ಮನೆ. ಹೊಸ್ತಿಲಲ್ಲೇ ನಿಂತು ಎಲ್ಲ ಹೇಳಿದೆ. ಹೆಣೆಯುತ್ತಿದ್ದ ಬಲೆ ಕೆಳಗಿಟ್ಟ.

"ಹಾಗಾದ್ರೆ ನನ್ ಮೀನು ಚೆನ್ನಾಗೇ ಇತ್ತು."

"ಹ್ಞೂಂ."

"ನಿನ್ ಸಹಿ ಇತ್ತಲ್ಲ, ಅದಕ್ಕೇ ನಂಬಿದೆ. ಮೊಮ್ಮಗಳು ತುತ್ತು ಎತ್ತಿದ್ಲು. ಕೈಯಿಂದ ಕಿತ್ತು ಬಿಸಾಡಿದೆ. ಮೂರು ದಿನ ಮಾತು ಬಿಟ್ಟಿದ್ಲು ನನ್ ಜೊತೆ."

ನಾಳೆ ಕಟ್ಟೆಯ ಮೇಲೆ, ಎಲ್ಲರ ಎದುರು, ನಿನ್ನ ಮೀನು ತಿನ್ನುತ್ತೇನೆ ಎಂದೆ. ಹಿಡಿದು ತರುತ್ತೀಯಾ?

"ನೋಡೋಣ" ಎಂದ. ಮರಿ ಮೇಡಂ ಎನ್ನಲಿಲ್ಲ.

ಮಾರ್ಚ್ 20, ಬೆಳಿಗ್ಗೆ 7

ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಸ್ಟೌವ್, ಬಾಣಲೆ, ಎಣ್ಣೆ, ಉಪ್ಪು. ತಟ್ಟೆ ಎರಡು — ಅವನೂ ಕೂತರೆ ಇರಲಿ ಎಂದು. ಐಸ್ ಹೆಂಗಸು ದೂರದಿಂದ ನೋಡುತ್ತಿದ್ದಾಳೆ. ಬೋರಲು ಹಾಕಿದ ಜಾಗದಲ್ಲಿ ದೋಣಿ ಇಲ್ಲ.

ಕಾಯತೊಡಗಿ ಒಂದು ಗಂಟೆಯಾಯಿತು. ಬರುತ್ತಾನೋ ಇಲ್ಲವೋ...

ಮಂಜಿನಲ್ಲಿ ಹುಟ್ಟಿನ ಸದ್ದು. ಅವನೇ. ಮುಂದುಗಡೆ ಇನ್ನೊಬ್ಬರು ಕೂತಿದ್ದಾರೆ. ಚಿಕ್ಕ ತಲೆ, ಎರಡು ಜಡೆ. ಅಯ್ಯೋ, ನಾನು ತಂದಿರುವುದು ಎರಡೇ ತಟ್ಟೆ, ಓಡಿಹೋಗಿ ಇನ್ನೊಂದು—