ಅಪ್ಪ ಸೀಳಿದ ಹಾಳೆಗಳು

ಅಪ್ಪ,

ನಿನ್ನನ್ನು ಮಣ್ಣು ಮಾಡಿ ಬಂದು, ಇವತ್ತು ಬೆಲ್‌ವಿಲ್‌ನ ನಿನ್ನ ಕೋಣೆ ಖಾಲಿ ಮಾಡಿದೆ. ಬೂಟು ಹೊಲಿಯುವ ಮೇಜಿನ ಖಾನೆಯಲ್ಲಿ ನನ್ನ ಪುಸ್ತಿಕೆ ಸಿಕ್ಕಿತು, ‘ಆಧುನಿಕರಾಗೋಣ’. ಬೀದಿಯ ಕರಪತ್ರಗಳಿಂದ ಕಲಿತದ್ದನ್ನೆಲ್ಲ ಸುರಿದು ಬರೆದದ್ದು. ಪ್ಯಾರಿಸ್ಸಿನ ಎಲ್ಲ ಪುಸ್ತಕಗಳ ಹಾಗೆ ಅದರ ಹಾಳೆಗಳೂ ಅಂಚು ಸೀಳದೆ ಮಡಚಿಕೊಂಡೇ ಬಂದಿದ್ದವು. ಓದುವವನೇ ಸೀಳಿಕೊಳ್ಳಬೇಕು. ಓದು ಬಾರದ ನೀನು ಹಾಗೆಯೇ ಇಟ್ಟಿರುತ್ತೀಯೆಂಬ ಧೈರ್ಯದಿಂದ ಕೊಟ್ಟಿದ್ದೆ. ನೋಡಿದರೆ ಪ್ರತಿ ಹಾಳೆಯನ್ನೂ ತೊಗಲು ಕೊಯ್ಯುವ ಚಾಕುವಿನಿಂದ ಸೀಳಿದ್ದೀಯ.

“ಬಂದ್ರಾ ಮಹಾ ಲೇಖಕರು?” ಎಂದರು ಪಕ್ಕದ ಮನೆಯ ಮದಾಮ್ ತಿಫನೋ. “ಭಾನುವಾರ ಭಾನುವಾರ ನಿಮ್ಮಪ್ಪ ಬಂದು ಕೂರೋರು. ಒಂದೊಂದೇ ಹಾಳೆ ಸೀಳಿ ಕೊಡೋರು, ನಾನು ಓದೋಳು. ಅದೇನು ಬರೀತೀಯೋ ಮಾರಾಯ, ನನಗೆ ಅರ್ಧ ಅರ್ಥ ಆಗ್ಲಿಲ್ಲ. ಅವರು ಮಾತ್ರ ಟೋಪಿ ತೆಗೆದಿಟ್ಟು ಕೇಳೋರು.”

ಅಕ್ಷರ ಬಾರದ ತಲೆಮಾರು ಮಣ್ಣಾಗದೆ ಹೊಸ ಕಾಲ ಹುಟ್ಟುವುದಿಲ್ಲ ಎಂದು ಬರೆದಿದ್ದೆನಲ್ಲ, ಆ ಪುಟವನ್ನೂ ಓದಿದಿರಾ ಎಂದು ಕೇಳಿದೆ.

“ಹಾರಿಸಿಬಿಟ್ಟೆ ಕಣೋ. ನಿಮ್ಮಪ್ಪನ ಕಣ್ಣು ತಪ್ಪಿಸೋಕಾಗುತ್ತಾ? ‘ಆ ಪುಟ ಬಿಟ್ಟೆ, ಓದಮ್ಮ’ ಅಂದ್ರು. ಓದಿದೆ.”

“ಏನಂದ್ರು?”

“ಮುಂದಿನ ಹಾಳೆ ಸೀಳಿ ಕೊಟ್ರು.”

ಅಪ್ಪ, ಹಳೆಯದು ತೊಲಗಬೇಕೆಂದು ಈಗಲೂ ನಂಬುತ್ತೇನೆ, ನಾಳೆಯೂ ಅದನ್ನೇ ಹೇಳುತ್ತೇನೆ. ಆದರೆ ಆ ಸಾಲನ್ನು ನಾನು ಕೆಫೆಯಲ್ಲಿ ಗೆಳೆಯರ ಮುಂದೆ ಓದಿದ ದಿನ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ನಿನ್ನ ಕೋಣೆ ಅಲ್ಲಿಂದ ಎರಡೇ ಬೀದಿ ಆಚೆ ಇತ್ತು.