ವೇಟ್ ಅಂದರೆ ಕಾಯುವುದು

ಮಾಸಾನ್,
1975ರ ನವೆಂಬರ್ 9, ಭಾನುವಾರ

ಪ್ರೀತಿಯ ತಮ್ಮ ದಲ್ಸು,

ನನ್ನ ಅಕ್ಷರ ಚೆನ್ನಾಗಿಲ್ಲ, ತಪ್ಪುಗಳೂ ಇರುತ್ತವೆ, ಬೇಸರ ಮಾಡಿಕೊಳ್ಳಬೇಡ. ಪ್ರೈಮರಿ ಮುಗಿದ ಮೇಲೆ ಪೆನ್ನು ಹಿಡಿದದ್ದೇ ಕಡಿಮೆ. ಆರೋಗ್ಯವಾಗಿದ್ದೀಯಾ? ಅಮೆರಿಕದಲ್ಲಿ ಆಗಲೇ ಹಿಮ ಬಿದ್ದಿದೆ ಎಂದು ಬರೆದಿದ್ದೀಯ. ಚಿಕ್ಕವನಿದ್ದಾಗ ಚಳಿ ಶುರುವಾದರೆ ನಿನ್ನ ಕಿವಿ ಸೋರುತ್ತಿತ್ತು, ಈಗ ಹೇಗಿದೆ? ನಾನು ಚೆನ್ನಾಗಿದ್ದೇನೆ. ದೊಡ್ಡಮ್ಮನಿಗೆ ಮಂಡಿನೋವು, ಆದರೂ ನಿನ್ನೆ ಕಿಮ್ಚಿಗೆಂದು ಮೂವತ್ತು ಎಲೆಕೋಸಿಗೆ ಉಪ್ಪು ಹಾಕಿದರು. ಬೇಡವೆಂದರೆ ಕೇಳುವವರಲ್ಲ.

ಹನ್ನೊಂದು ವರ್ಷದ ಮೇಲೆ ಅನಾಥಾಲಯದ ಮೂಲಕ ಬಂದ ನಿನ್ನ ಮೊದಲ ಕಾಗದ ಇಂಗ್ಲಿಷಿನಲ್ಲಿತ್ತು. ಚರ್ಚಿನಲ್ಲಿ ಕಾರ್ಖಾನೆಯ ಹುಡುಗಿಯರಿಗೆ ಇಂಗ್ಲಿಷ್ ಕಲಿಸುವ ಮಾ ಮೇಷ್ಟ್ರು ಅದನ್ನು ಓದಿ ಹೇಳಿದರು. ಇಲ್ಲಿಯದು ನಿನಗೆ ಒಂದೇ ನೆನಪಂತೆ. ಅನಾಥಾಲಯದ ಗೇಟಿನ ಹತ್ತಿರ ಯಾವಳೋ ಹುಡುಗಿ ಕಾಯುತ್ತಿರು ಅಂದದ್ದು. ಅವಳು ಯಾರೆಂದು ಕೇಳಿದ್ದೀಯ. ನಿನ್ನ ಭಾಷೆಯಲ್ಲೇ ಉತ್ತರ ಬರೆಯೋಣವೆಂದು ನಾನೂ ಆ ತರಗತಿಗೆ ಸೇರಿದೆ.

ಕಳೆದ ಭಾನುವಾರ ಮೇಷ್ಟ್ರು ಹಲಗೆಯ ಮೇಲೆ ಬರೆದದ್ದು ಅದೇ ಕ್ರಿಯಾಪದ. ವೇಟ್ ಅಂದರೆ ಕಾಯುವುದು. ಯಾರಿಗಾಗಿ ಎಂದು ಹೇಳಬೇಕಾದರೆ ಅದರ ನಂತರ ಫಾರ್ ಸೇರಿಸಬೇಕು. ಕಾದದ್ದು ಆಗಿಹೋಗಿದ್ದರೆ ವೇಟೆಡ್. "ಬಸ್ಸಿಗೆ ಕಾದೆ, ಅಮ್ಮನಿಗೆ ಕಾದೆ, ಹೀಗೆ ಒಬ್ಬೊಬ್ರೂ ಒಂದೊಂದು ಹೇಳ್ರಮ್ಮಾ" ಅಂದರು. ನನ್ನ ಪಕ್ಕದ ಮಲ್ಸುನ್ ಮದುವೆ ಗಂಡಿಗೆ ಕಾದೆ ಎಂದು ಹೇಳಿ ಎಲ್ಲರನ್ನೂ ನಗಿಸಿದಳು. ನನ್ನ ಸರದಿ ಬಂದಾಗ ವೇಟೆಡ್ ಫಾರ್ ಅನ್ನುವಲ್ಲಿಗೇ ನಿಂತುಬಿಟ್ಟೆ. "ಏನೇ ಬೊಕ್ನಿಮ್, ಬಾಯಲ್ಲಿ ಬಿಸಿ ಗೆಣಸು ಇಟ್ಕೊಂಡಿದ್ದೀಯಾ?" ಅಂದಳು ಮಲ್ಸುನ್. ನಾನೂ ನಕ್ಕುಬಿಟ್ಟೆ. ಅದಕ್ಕೇ ಇದನ್ನು ನಮ್ಮ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಅಲ್ಲಿ ನಮ್ಮವರು ಯಾರಾದರೂ ಸಿಕ್ಕರೆ ಓದಿಸಿಕೋ.

ದೊಡ್ಡಮ್ಮ ನಿನಗೆ ಒಳ್ಳೆಯದಾಗಲಿ ಅಂದಿದ್ದಾರೆ. ನಿನ್ನ ಅಲ್ಲಿನ ತಂದೆತಾಯಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಅಕ್ಕ,
ಬೊಕ್ನಿಮ್

ಇನ್ನೊಂದು ಮಾತು. ಆ ಹುಡುಗಿ ನಾನೇ. ಅಮ್ಮ ತೀರಿಕೊಂಡ ಚಳಿಗಾಲದಲ್ಲಿ ಮನೆಯಲ್ಲಿ ಅಕ್ಕಿ ಇರಲಿಲ್ಲ. ಜವೆಗೋಧಿ ಕೈಗೆ ಬರುವವರೆಗೆ ಮಕ್ಕಳನ್ನು ಅನಾಥಾಲಯದಲ್ಲಿ ಬಿಟ್ಟು, ಆಮೇಲೆ ಕರೆತರುವುದು ನಮ್ಮ ಕಡೆ ಇತ್ತು. ದೊಡ್ಡಮ್ಮನೂ ಹಾಗೆಂದೇ ತಿಳಿದು ಅಲ್ಲಿಯವರು ಕೊಟ್ಟ ಕಾಗದಕ್ಕೆ ಸಹಿಯ ಬದಲು ತಮ್ಮ ಮುದ್ರೆ ಒತ್ತಿದರು. "ಜವೆ ಬಂದ್ಮೇಲೆ ಕರ್ಕೊಂಡ್ ಹೋಗ್ತೀನಿ ಕಣೋ, ಇಲ್ಲೇ ಕಾಯ್ತಿರು" ಅಂದೆ. ಕೊಯ್ಲಿನ ಮರುದಿನವೇ ಬಂದೆ, ದಲ್ಸು. ಹತ್ತು ದಿನ ಮೊದಲೇ ನಿನ್ನನ್ನು ವಿಮಾನ ಹತ್ತಿಸಿದ್ದರು. ಯಾರನ್ನು ಕೇಳಬೇಕೆಂದು ಗೊತ್ತಾಗಲಿಲ್ಲ. ಇವತ್ತಿಗೂ ಗೊತ್ತಿಲ್ಲ. ಈ ಬೆಳಿಗ್ಗೆ, ಮನೆಗೆ ಬರಬೇಕಾದವರಿಗೆ ತೆಗೆದಿಡುವ ಹಾಗೆ, ನಿನಗೆಂದು ಒಂದು ಬಟ್ಟಲು ಅನ್ನ ತುಂಬಿ, ಮುಚ್ಚಳ ಮುಚ್ಚಿ, ಒಲೆಯ ಬಿಸಿ ಹಾಯುವ ಬೆಚ್ಚಗಿನ ನೆಲದ ಮೇಲೆ ಹೊದಿಕೆಯ ಕೆಳಗೆ ಇಟ್ಟೆ. ದೊಡ್ಡಮ್ಮ ನೋಡಿ, ಹೊದಿಕೆಯ ಅಂಚನ್ನು ಸರಿಮಾಡಿದರು.